ನೀಲಿ 'ಇ' ಹೋಯಿತು, ಎಂಜಿನ್ ಇನ್ನೂ ಒಳಗೇ ಇದೆ

ಸಾಗರದಲ್ಲಿ ನಮ್ಮ ಸೋದರಮಾವನ ಅಡಿಕೆ ಮಂಡಿ ಇದೆ. ಹೋದ ಸಲ ಊರಿಗೆ ಹೋದಾಗ "ಕಂಪ್ಯೂಟರ್ ಯಾಕೋ ಬಹಳ ನಿಧಾನ ಆಗಿದೆ, ಒಂಚೂರು ನೋಡೋ" ಅಂದರು. ಕೂತು ನೋಡಿದೆ. ಹಾರ್ಡ್ ಡಿಸ್ಕ್ ತುಂಬಿ ಹೋಗಿತ್ತು, ಅದು ಹತ್ತು ನಿಮಿಷದ ಕೆಲಸ. ಆದರೆ ಡೆಸ್ಕ್‌ಟಾಪ್ ಮೇಲೆ 'ಕ್ಯಾಮೆರಾ' ಅಂತ ಒಂದು ಶಾರ್ಟ್‌ಕಟ್ ಇತ್ತು. ಅದನ್ನು ಒತ್ತಿದರೆ ಎಡ್ಜ್ ಬ್ರೌಸರ್ ತೆರೆಯಿತು, ಅಡ್ರೆಸ್ ಪಟ್ಟಿಯ ಎಡಗಡೆ ಹಳೆಯ ನೀಲಿ 'ಇ' ಚಿಕ್ಕದಾಗಿ ಕಾಣಿಸಿತು. ಮಂಡಿಯ ಸಿಸಿಟಿವಿ ರೆಕಾರ್ಡರ್‌ನ ಪುಟ ಅದು. ಹಳೆಯ ಡಿವಿಆರ್, ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) ಇಲ್ಲದೆ ಚಿತ್ರ ತೋರಿಸುವುದಿಲ್ಲ. ಆ ನೀಲಿ 'ಇ' ಅದರದೇ ಗುರುತು.

ಸುಮ್ನೆ ಅನುಮಾನ ಬಂದು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂಟರ್ನೆಟ್ ಆಪ್ಷನ್ಸ್ ತೆರೆದೆ. ಸೆಕ್ಯೂರಿಟಿ, ಆಮೇಲೆ ಕಸ್ಟಮ್ ಲೆವೆಲ್. ಆ್ಯಕ್ಟಿವ್‌ಎಕ್ಸ್ (ವೆಬ್ ಪುಟ ನಮ್ಮ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಓಡಿಸುವ ತಂತ್ರ) ಅಂತ ಶುರುವಾಗುವ ಸಾಲುಗಳೆಲ್ಲ 'ಎನೇಬಲ್'. ಅದರಲ್ಲಿ ಒಂದು ಸಾಲಿನ ಪಕ್ಕದಲ್ಲಿ ವಿಂಡೋಸ್ ತಾನೇ 'ನಾಟ್ ಸೆಕ್ಯೂರ್' ಅಂತ ಬರೆದುಕೊಂಡಿದೆ, ಅದನ್ನೂ ಆನ್ ಮಾಡಿಟ್ಟಿದ್ದರು. ಅದೂ ಡಿವಿಆರ್ ಒಂದಕ್ಕೇ ಅಲ್ಲ, ಇಡೀ ಇಂಟರ್ನೆಟ್‌ಗೆ.

"ಮಾವ, ಇದನ್ನ ಯಾರು ಹೀಗೆ ಇಟ್ಟಿದ್ದು?"

"ಕ್ಯಾಮೆರಾ ಹಾಕೋಕೆ ಬಂದಿದ್ದ ಹುಡುಗ ಮಾಡಿಕೊಟ್ಟ ಕಣೋ. ಅದಿಲ್ಲದಿದ್ರೆ ಚಿತ್ರ ಬರ್ತಿರಲಿಲ್ಲ."

ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಕೆಲಸ ಕಲಿಸಿದವರು ಹಾಗೇ ಕಲಿಸಿದ್ದಾರೆ, ಎಷ್ಟೋ ಅಂಗಡಿಗಳಲ್ಲಿ ಇದೇ ನಡೆದಿದೆ. ಆದರೆ ಅದೇ ಕಂಪ್ಯೂಟರ್‌ನಲ್ಲಿ ಮಾವ ಜಿಎಸ್‌ಟಿ ತುಂಬುತ್ತಾರೆ, ಬೆಳೆಗಾರರಿಗೆ ದುಡ್ಡು ಕಳಿಸುತ್ತಾರೆ. "ಐಇ ಅಂತೂ ಹೋಯ್ತಲ್ಲ, ಈಗ ಯಾರು ಬಳಸ್ತಾರೆ" ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಹೋಗಿರುವುದು ಎಷ್ಟು, ಉಳಿದಿರುವುದು ಎಷ್ಟು, ಅದನ್ನು ಹೇಗೆ ಮುಚ್ಚುವುದು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ಬ್ರೌಸರ್ ಅಂದರೆ ನಮಗೆ ಕಾಣುವ ಕಿಟಕಿ ಮಾತ್ರ ಅಲ್ಲ. ಕಿಟಕಿಯ ಹಿಂದೆ ಒಂದು ಎಂಜಿನ್ ಇರುತ್ತದೆ. ವೆಬ್ ಪುಟದ ಕೋಡ್ ಓದಿ, ಅಕ್ಷರ ಎಲ್ಲಿ, ಚಿತ್ರ ಎಲ್ಲಿ, ಗುಂಡಿ ಒತ್ತಿದರೆ ಏನಾಗಬೇಕು ಅಂತ ನೋಡಿಕೊಳ್ಳುವುದು ಅದೇ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್ ಹೆಸರು ಎಂಎಸ್‌ಎಚ್‌ಟಿಎಂಎಲ್, ಟ್ರೈಡೆಂಟ್ ಅಂತಲೂ ಕರೆಯುತ್ತಾರೆ. ಈ ಎಂಜಿನ್ ಐಇ ಒಂದರ ಸ್ವತ್ತಲ್ಲ. ವಿಂಡೋಸ್‌ನ ಒಳಗೇ ಕೂತಿದೆ, ಬೇರೆ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ಹಳೆಯ ಸಾಫ್ಟ್‌ವೇರ್‌ಗಳ ಹೆಲ್ಪ್ ಫೈಲ್ ತೆರೆದಾಗ ಪುಟ ಬಿಡಿಸುವುದು ಇದೇ. ಕೆಲವು ಪ್ರೋಗ್ರಾಂಗಳಲ್ಲಿ ಲಾಗಿನ್ ಕೇಳುವ ಪುಟ್ಟ ಪೆಟ್ಟಿಗೆ, ಜಾಹೀರಾತಿನ ಪಾಪ್‌ಅಪ್, ಇವುಗಳ ಹಿಂದೆಯೂ ಇದೇ ಇರಬಹುದು. ಹಾಗಾಗಿ ಐಕಾನ್ ತೆಗೆದರೆ ಎಂಜಿನ್ ಹೋಗುವುದಿಲ್ಲ.

ಇದು ಹೀಗೆ ಒಳಗೆ ಸೇರಿಕೊಂಡಿದ್ದು ಹೇಗೆ ಅನ್ನುವುದೇ ಒಂದು ದೊಡ್ಡ ಕಥೆ. ಐಇ ಮೊದಲ ಆವೃತ್ತಿ ಬಂದದ್ದು 1995ರ ಆಗಸ್ಟ್‌ನಲ್ಲಿ. 1997ರಲ್ಲಿ ನಾಲ್ಕನೆಯ ಆವೃತ್ತಿ ಬಂತು, ಮುಂದಿನ ವರ್ಷ ವಿಂಡೋಸ್ 98 ಬಂದಾಗ ಬ್ರೌಸರ್ ಮತ್ತು ವಿಂಡೋಸ್ ಒಂದರೊಳಗೊಂದು ಹೆಣೆದುಕೊಂಡಿದ್ದವು. ಆಗ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಪೈಪೋಟಿಯಲ್ಲಿತ್ತು. 1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ, ಜೊತೆಗೆ ಅಲ್ಲಿನ ಹಲವು ರಾಜ್ಯಗಳು, ವಿಂಡೋಸ್ ಜೊತೆ ಬ್ರೌಸರ್ ಕಟ್ಟಿಕೊಟ್ಟು ಪೈಪೋಟಿ ಮುರಿಯುತ್ತಿದೆ ಅಂತ ಮೈಕ್ರೋಸಾಫ್ಟ್ ಮೇಲೆ ಕೇಸ್ ಹಾಕಿದವು. ಐಇ ವಿಂಡೋಸ್‌ನ ಭಾಗ, ಬೇರ್ಪಡಿಸಿದರೆ ವಿಂಡೋಸ್ ಸರಿಯಾಗಿ ಓಡುವುದಿಲ್ಲ ಅಂತ ಕಂಪನಿ ವಾದಿಸಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಸರ್ಕಾರದ ಪರವಾಗಿ, ವಿಂಡೋಸ್ 98ರಿಂದ ಐಇ ತೆಗೆಯುವ ಒಂದು ಪ್ರೋಗ್ರಾಂ ಬರೆದು ತೋರಿಸಿದರು. 2000ದಲ್ಲಿ ನ್ಯಾಯಾಧೀಶರು ಕಂಪನಿಯನ್ನು ಎರಡು ಭಾಗ ಮಾಡಿ ಅಂದರು. ಮರುವರ್ಷ ಮೇಲಿನ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು, ಕೊನೆಗೆ ರಾಜಿಯಾಯಿತು. ಬ್ರೌಸರ್ ಮಾತ್ರ ಒಳಗೇ ಉಳಿಯಿತು. ನಾವು ಬೇಡ ಅಂದರೂ ಅದನ್ನು ಆಫ್ ಮಾಡಲು ವಿಂಡೋಸ್‌ನ ಫೀಚರ್ಸ್ ಪಟ್ಟಿಯಲ್ಲಿ ಒಂದು ಟಿಕ್ ಗುರುತು ಸಿಕ್ಕಿದ್ದು 2009ರಲ್ಲಿ, ವಿಂಡೋಸ್ 7 ಬಂದಾಗ.

ನಮ್ಮ ಕಡೆಯವರಿಗೂ ಐಇ ಜೊತೆ ಒಂದು ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪದ್ಧತಿಯಾದ ಯೂನಿಕೋಡ್ ಎಲ್ಲ ಕಡೆ ಬರುವ ಮೊದಲು ಕನ್ನಡದ ಸೈಟುಗಳು ತಮ್ಮದೇ ಫಾಂಟ್ ಕಳಿಸಿ ಅಕ್ಷರ ತೋರಿಸಬೇಕಿತ್ತು, ಎಷ್ಟೋ ಸೈಟುಗಳು ಐಇಯಲ್ಲಿ ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಆಮೇಲೆ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬಂತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಕನ್ನಡ ಪತ್ರಿಕೆ ಓದಿದವರಲ್ಲಿ ಬಹಳಷ್ಟು ಮಂದಿ ಓದಿದ್ದು ಆ ನೀಲಿ 'ಇ' ಮೂಲಕವೇ. ಅದಕ್ಕೇ ಆ ಐಕಾನ್ ಕಂಡರೆ ನಮಗೆ ಭಯ ಆಗುವುದಿಲ್ಲ, ಹಳೆಯ ಪರಿಚಯದವರನ್ನು ಕಂಡ ಹಾಗೆ ಆಗುತ್ತದೆ.

ತೊಂದರೆ ಮುಖ್ಯವಾಗಿ ಎರಡು ಕಡೆಯಿಂದ ಬಂತು. ಒಂದು, ಆ್ಯಕ್ಟಿವ್‌ಎಕ್ಸ್. 1996ರಲ್ಲಿ ಬಂದ ಈ ತಂತ್ರದಿಂದ ಒಂದು ವೆಬ್ ಪುಟ ನಿಮ್ಮ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಓಡಿಸಬಹುದು. ಪುಟ ತೋರಿಸುವುದಲ್ಲ, ನಿಜವಾದ ಪ್ರೋಗ್ರಾಂ ಓಡಿಸುವುದು. ನೀವೇ ಸಿಡಿ ಹಾಕಿ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್‌ಗೆ ಏನೇನು ಅಧಿಕಾರ ಇರುತ್ತದೋ, ಹೆಚ್ಚುಕಡಿಮೆ ಅಷ್ಟೇ ಅಧಿಕಾರ ಅದಕ್ಕೂ ಸಿಗುತ್ತಿತ್ತು. ಒಳ್ಳೆಯವರ ಕೈಯಲ್ಲಿ ಅದರಿಂದ ಅನುಕೂಲ, ಬ್ಯಾಂಕಿನ ಪ್ಲಗಿನ್, ಕ್ಯಾಮೆರಾ ಪ್ಲಗಿನ್ ಎಲ್ಲ ಹಾಗೇ ಬಂದವು. ಕೆಟ್ಟವರ ಕೈಯಲ್ಲಿ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು, ನಿರ್ಲಕ್ಷ್ಯ. ಆರನೆಯ ಆವೃತ್ತಿ 2001ರಲ್ಲಿ ಬಂತು, ಏಳನೆಯದು ಬಂದದ್ದು 2006ರಲ್ಲಿ. ಐದು ವರ್ಷ! ಆಗ ಲೋಕದಲ್ಲಿ ನೆಟ್ ನೋಡುವ ಹತ್ತು ಜನರಲ್ಲಿ ಒಂಬತ್ತು ಜನರ ಕೈಯಲ್ಲಿ ಅದೇ ಬ್ರೌಸರ್ ಇತ್ತು. ಕಳ್ಳರಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು. 2009ರಲ್ಲಿ ಗೂಗಲ್ ಸೇರಿದಂತೆ ಹಲವು ಕಂಪನಿಗಳೊಳಗೆ ಹ್ಯಾಕರ್‌ಗಳು ನುಗ್ಗಿದ್ದು ಐಇಯ ಒಂದು ತೂತಿನ ಮೂಲಕ ಅಂತ 2010ರ ಜನವರಿಯಲ್ಲಿ ಹೊರಬಿತ್ತು. ಅದು ಮುಚ್ಚುವವರೆಗೆ ಬೇರೆ ಬ್ರೌಸರ್ ಬಳಸಿ ಅಂತ ಜರ್ಮನಿ ಮತ್ತು ಫ್ರಾನ್ಸ್ ಸರ್ಕಾರದ ಭದ್ರತಾ ಸಂಸ್ಥೆಗಳೇ ಜನರಿಗೆ ಹೇಳಿದವು. 2014ರ ಏಪ್ರಿಲ್‌ನಲ್ಲಿ ಆರರಿಂದ ಹನ್ನೊಂದರವರೆಗಿನ ಎಲ್ಲ ಆವೃತ್ತಿಗಳಲ್ಲೂ ಇದ್ದ ಒಂದು ತೂತು ಹೊರಬಿತ್ತು. ಎಕ್ಸ್‌ಪಿಗೆ ಇನ್ನು ಅಪ್‌ಡೇಟ್ ಇಲ್ಲ ಅಂತ ಹೇಳಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಆದರೂ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ಸೇರಿಸಿ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಕೊಡಬೇಕಾಯಿತು.

ಕೊನೆಗೆ 2022ರ ಜೂನ್ 15ಕ್ಕೆ ವಿಂಡೋಸ್ 10ರಲ್ಲಿ ಐಇಗೆ ಬೆಂಬಲ ನಿಂತಿತು. 2023ರ ಫೆಬ್ರವರಿ 14ರಂದು ಎಡ್ಜ್‌ನ ಅಪ್‌ಡೇಟ್ ಮೂಲಕ ಹೆಚ್ಚಿನ ವಿಂಡೋಸ್ 10 ಕಂಪ್ಯೂಟರ್‌ಗಳಲ್ಲಿ ಅದನ್ನು ಆಫ್ ಮಾಡಿದರು. ಆಮೇಲೆ ಐಇ ಐಕಾನ್ ಒತ್ತಿದರೆ ಎಡ್ಜ್ ತೆರೆಯುತ್ತದೆ. ವಿಂಡೋಸ್ 11ರಲ್ಲಂತೂ ಐಇ ಅಂತ ಬೇರೆ ಬ್ರೌಸರ್ ಮೊದಲಿನಿಂದಲೂ ಇಲ್ಲ. ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು.

ಮುಗಿದಿರಲಿಲ್ಲ. 2024ರ ಜುಲೈನಲ್ಲಿ ಚೆಕ್ ಪಾಯಿಂಟ್ ಅನ್ನುವ ಕಂಪ್ಯೂಟರ್ ಭದ್ರತಾ ಸಂಸ್ಥೆಯ ಸಂಶೋಧಕರು ಬಯಲಿಗೆ ತಂದ ಒಂದು ತಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ, ಇದು ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ನಿಮಗೆ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ 'ಡಾಟ್ ಪಿಡಿಎಫ್' ಅಂತ ಇದೆ, ಐಕಾನ್ ಕೂಡ ಪಿಡಿಎಫ್‌ನದೇ. ನಿಜವಾಗಿ ಅದರ ಹೆಸರು ಅಲ್ಲಿಗೆ ಮುಗಿದಿಲ್ಲ, ಪಿಡಿಎಫ್ ಆದ ಮೇಲೆ 'ಡಾಟ್ ಯುಆರ್‌ಎಲ್' ಅಂತ ಇದೆ. ಅಂದರೆ ಅದು ಪುಸ್ತಕವೂ ಅಲ್ಲ, ಬಿಲ್ಲೂ ಅಲ್ಲ, ಒಂದು ವೆಬ್ ವಿಳಾಸದ ಶಾರ್ಟ್‌ಕಟ್. ವಿಂಡೋಸ್ ಈ ಯುಆರ್‌ಎಲ್ ಅನ್ನುವ ಬಾಲವನ್ನು ಯಾವತ್ತೂ ತೋರಿಸುವುದಿಲ್ಲ. ಫೈಲ್‌ಗಳ ಬಾಲ ತೋರಿಸು ಅಂತ ನೀವು ಸೆಟ್ಟಿಂಗ್ ಬದಲಿಸಿಟ್ಟಿದ್ದರೂ ಇದನ್ನು ಮಾತ್ರ ಮುಚ್ಚಿಯೇ ಇಡುತ್ತದೆ. ಅದನ್ನು ಒತ್ತಿದಾಗ, ಒಳಗಿನ ವಿಳಾಸವನ್ನು ಬರೆದಿದ್ದ ರೀತಿಯಿಂದಾಗಿ ಎಡ್ಜ್ ಬದಲು ಸತ್ತಿದೆ ಅಂದುಕೊಂಡಿದ್ದ ಐಇ ಎದ್ದು ಬರುತ್ತಿತ್ತು. ವಿಂಡೋಸ್ 11ರಲ್ಲೂ ಬರುತ್ತಿತ್ತು. ಆಮೇಲೆ 'ತೆರೆಯಲೇ?' ಅಂತ ಒಂದೆರಡು ಪ್ರಶ್ನೆ. ಪಿಡಿಎಫ್ ಅಂತ ನಂಬಿದವರು ಹೂಂ ಅನ್ನುತ್ತಾರೆ, ನಾನಾಗಿದ್ದರೂ ಅನ್ನುತ್ತಿದ್ದೆ. ಇಳಿಯುತ್ತಿದ್ದದ್ದು ಎಚ್‌ಟಿಎ ಅನ್ನುವ ಬಗೆಯ ಫೈಲ್, ಅದು ನೇರ ಪ್ರೋಗ್ರಾಂ ಓಡಿಸುತ್ತದೆ. ಇಂಥ ಫೈಲ್‌ಗಳು 2023ರ ಜನವರಿಯಿಂದಲೇ ಓಡಾಡುತ್ತಿದ್ದವು. ಅಂದರೆ ಪ್ಯಾಚ್ ಬರುವವರೆಗೆ ಒಂದೂವರೆ ವರ್ಷ ಯಾರಿಗೂ ತಿಳಿಯದೆ ಇದು ನಡೆದಿತ್ತು.

ಅದರ ಮುಂದಿನ ತಿಂಗಳು ಪ್ಯಾಚ್ ಬಂದ ಇನ್ನೊಂದು ತೂತಿನ ಕಥೆ ದಕ್ಷಿಣ ಕೊರಿಯಾದ್ದು. ಅಲ್ಲಿ ಉಚಿತ ಸಾಫ್ಟ್‌ವೇರ್‌ಗಳ ಜೊತೆ ಬರುವ ಒಂದು ಜಾಹೀರಾತು ಪ್ರೋಗ್ರಾಂ ಪರದೆಯ ಮೂಲೆಯಲ್ಲಿ ಪಾಪ್‌ಅಪ್ ತೋರಿಸುತ್ತಿತ್ತು. ಆ ಪಾಪ್‌ಅಪ್ ಬಿಡಿಸಲು ಬಳಸಿದ್ದು ಐಇಯ ಎಂಜಿನ್. ಉತ್ತರ ಕೊರಿಯಾದ ಹ್ಯಾಕರ್‌ಗಳು ಜಾಹೀರಾತು ಕಂಪನಿಯ ಸರ್ವರ್‌ಗೆ ನುಗ್ಗಿ, ಜಾಹೀರಾತಿನೊಳಗೇ ತಮ್ಮ ಕೋಡ್ ಸೇರಿಸಿದರು. ಜನ ಯಾವ ಬ್ರೌಸರನ್ನೂ ತೆರೆದಿರಲಿಲ್ಲ, ಯಾವುದನ್ನೂ ಒತ್ತಿರಲಿಲ್ಲ. ಪಾಪ್‌ಅಪ್ ಬಂದರೆ ಸಾಕಿತ್ತು. ಎಂಜಿನ್ ಉಳಿದಿದೆ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಮೂರನೆಯದು ಎಡ್ಜ್‌ನ 'ಐಇ ಮೋಡ್'. ಹಳೆಯ ಸೈಟುಗಳಿಗಾಗಿ ಎಡ್ಜ್ ಒಳಗೇ ಐಇ ಎಂಜಿನ್ ಓಡಿಸುವ ಸೌಲಭ್ಯ ಇದು. ಕನಿಷ್ಠ 2029ರವರೆಗೆ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. 2025ರಲ್ಲಿ ವಂಚಕರು ನಕಲಿ ಸೈಟಿಗೆ ಜನರನ್ನು ಕರೆತಂದು, 'ಈ ಪುಟವನ್ನು ಐಇ ಮೋಡ್‌ನಲ್ಲಿ ತೆರೆಯಿರಿ' ಅಂತ ಸಂದೇಶ ತೋರಿಸಿ, ಜನ ಹಾಗೆ ಮಾಡಿದ ಮೇಲೆ ಹಳೆಯ ಎಂಜಿನ್‌ನ ತೂತಿನಿಂದ ಒಳಗೆ ಬಂದರು. ಅದಾದ ಮೇಲೆ ಸಾಮಾನ್ಯ ಬಳಕೆದಾರರಿಗೆ ಕಾಣುತ್ತಿದ್ದ ಐಇ ಮೋಡ್ ಗುಂಡಿಗಳನ್ನು ಮೆನುಗಳಿಂದ ತೆಗೆದರು. ಈಗ ಬೇಕೆಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದೇ ವಿಳಾಸ ಸೇರಿಸಬೇಕು.

ಸರಿ, ಏನು ಮಾಡಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಗುವ ಮೊದಲೇ ಕೂತು ಮಾಡಿಬಿಡಿ. ಕಾಲು ಗಂಟೆಯ ಕೆಲಸ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ಈ ಕಂಪ್ಯೂಟರ್‌ನಲ್ಲಿ ಐಇ ಬೇಕಾದ ಕೆಲಸ ಏನಾದರೂ ಇದೆಯಾ? ಹಳೆಯ ಡಿವಿಆರ್, ಹಳೆಯ ಹಾಜರಾತಿ ಯಂತ್ರ, ಆಫೀಸಿನ ಯಾವುದೋ ಹಳೆಯ ಪುಟ. ಇಲ್ಲ ಅಂದರೆ ಕೆಲಸ ಸುಲಭ. ವಿಂಡೋಸ್ 10ರಲ್ಲಿ ಕಂಟ್ರೋಲ್ ಪ್ಯಾನೆಲ್, ಪ್ರೋಗ್ರಾಮ್ಸ್, ಅಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಒತ್ತಿ. ಪಟ್ಟಿ ಬರಲು ಒಂದೆರಡು ಕ್ಷಣ ಹಿಡಿಯುತ್ತದೆ, ಕಾಯಿರಿ. 'ಇಂಟರ್ನೆಟ್ ಎಕ್ಸ್‌ಪ್ಲೋರರ್ 11' ಮುಂದಿನ ಟಿಕ್ ತೆಗೆಯಿರಿ. ಇದರಿಂದ ಬೇರೆ ಪ್ರೋಗ್ರಾಂಗಳಿಗೆ ತೊಂದರೆ ಆಗಬಹುದು ಅಂತ ಎಚ್ಚರಿಕೆ ಬರುತ್ತದೆ, ಹೌದು ಅನ್ನಿ, ರೀಸ್ಟಾರ್ಟ್ ಮಾಡಿ. ಆ ಪಟ್ಟಿಯಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, ಆಪ್ಷನಲ್ ಫೀಚರ್ಸ್ ಒಳಗೆ ನೋಡಿ, ಅಲ್ಲಿ ಅನ್‌ಇನ್‌ಸ್ಟಾಲ್ ಇರುತ್ತದೆ. ಮನಸ್ಸು ಬದಲಾದರೆ ಮತ್ತೆ ಟಿಕ್ ಹಾಕಬಹುದು, ಏನೂ ಹಾಳಾಗುವುದಿಲ್ಲ. ಒಂದು ಮಾತು ನೆನಪಿರಲಿ: ಇದನ್ನು ತೆಗೆದರೆ ಎಡ್ಜ್‌ನ ಐಇ ಮೋಡ್ ಕೂಡ ಕೆಲಸ ಮಾಡುವುದಿಲ್ಲ, ಯಾಕೆಂದರೆ ಆ ಮೋಡ್ ನಿಂತಿರುವುದು ಇದರ ಮೇಲೇ.

ಆಮೇಲೆ ಎಡ್ಜ್ ಸೆಟ್ಟಿಂಗ್ಸ್‌ನಲ್ಲಿ 'ಡಿಫಾಲ್ಟ್ ಬ್ರೌಸರ್' ಭಾಗಕ್ಕೆ ಹೋಗಿ. ಸೈಟುಗಳನ್ನು ಐಇ ಮೋಡ್‌ನಲ್ಲಿ ತೆರೆಯಲು ಬಿಡಬೇಕೇ ಅಂತ ಇರುವಲ್ಲಿ 'ಡೋಂಟ್ ಅಲೋ' ಇಡಿ. ಅದರ ಕೆಳಗೆ ಐಇ ಮೋಡ್ ಪುಟಗಳ ಪಟ್ಟಿ ಇರುತ್ತದೆ, ಗೊತ್ತಿಲ್ಲದ ವಿಳಾಸ ಕಂಡರೆ ಅಳಿಸಿ.

ಮೂರನೆಯ ಕೆಲಸವನ್ನು ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ಇಂಟರ್ನೆಟ್ ಆಪ್ಷನ್ಸ್ ತೆರೆಯಿರಿ, ವಿಂಡೋಸ್ 11ರಲ್ಲೂ ಅದು ಹಾಗೇ ಇದೆ. ಸೆಕ್ಯೂರಿಟಿ ಭಾಗದಲ್ಲಿ 'ರೀಸೆಟ್ ಆಲ್ ಝೋನ್ಸ್ ಟು ಡಿಫಾಲ್ಟ್ ಲೆವೆಲ್' ಅನ್ನುವ ಗುಂಡಿ ಒತ್ತಿ. ಯಾವ ಕಾಲದಲ್ಲೋ ಯಾರೋ ಸಡಿಲ ಮಾಡಿಟ್ಟ ಆ್ಯಕ್ಟಿವ್‌ಎಕ್ಸ್ ಸೆಟ್ಟಿಂಗ್‌ಗಳೆಲ್ಲ ಮೊದಲಿನ ಸ್ಥಿತಿಗೆ ಬರುತ್ತವೆ. ಈ ಸೆಟ್ಟಿಂಗ್‌ಗಳು ಐಇ ಕಿಟಕಿಗೆ ಮಾತ್ರ ಸೇರಿದ್ದಲ್ಲ. ಐಇ ಮೋಡ್‌ಗೂ, ಆ ಎಂಜಿನ್ ಬಳಸುವ ಬೇರೆ ಪ್ರೋಗ್ರಾಂಗಳಿಗೂ ಇವೇ ಅನ್ವಯ. ನೀವು ಐದು ವರ್ಷದಿಂದ ಕ್ರೋಮ್ ಅಥವಾ ಫೈರ್‌ಫಾಕ್ಸ್ ಬಿಟ್ಟು ಬೇರೆ ಮುಟ್ಟಿಲ್ಲದಿದ್ದರೂ ಈ ಸಡಿಲ ಬಾಗಿಲು ಹಾಗೇ ಇರುತ್ತದೆ. ಮಾವನ ಕಂಪ್ಯೂಟರ್‌ನಲ್ಲಿ ಆಗಿದ್ದು ಅದೇ.

ಉಳಿದದ್ದು ಅಭ್ಯಾಸ. ವಿಂಡೋಸ್ ಅಪ್‌ಡೇಟ್ ನಿಲ್ಲಿಸಬೇಡಿ, ಎಂಜಿನ್‌ನ ತೂತು ಮುಚ್ಚುವುದು ಅದರಿಂದ ಮಾತ್ರ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆಮೇಲೂ ಪ್ಯಾಚ್ ಬೇಕೆಂದರೆ ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಸೇರಬೇಕು, ಇಲ್ಲವೇ 11ಕ್ಕೆ ಹೋಗಬೇಕು. ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬಂದ ಪಿಡಿಎಫ್ ಐಕಾನ್‌ನ ಕೆಳಗಿನ ಎಡಮೂಲೆಯಲ್ಲಿ ಪುಟ್ಟ ಬಾಣದ ಗುರುತು ಕಂಡರೆ ಮುಟ್ಟಬೇಡಿ, ಅದು ಶಾರ್ಟ್‌ಕಟ್. ಅನುಮಾನ ಇದ್ದರೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಪಿಡಿಎಫ್ ಆಗಿದ್ದರೆ ಅದರಲ್ಲಿ ವೆಬ್ ವಿಳಾಸ ಇರುವುದಿಲ್ಲ. ವರ್ಡ್ ಫೈಲ್ ತೆರೆದಾಗ ಮೇಲೆ ಹಳದಿ ಪಟ್ಟಿಯಲ್ಲಿ 'ಪ್ರೊಟೆಕ್ಟೆಡ್ ವ್ಯೂ' ಅಂತ ಬರುತ್ತದಲ್ಲ, ಅದನ್ನು ದಾಟಿ 'ಎನೇಬಲ್ ಎಡಿಟಿಂಗ್' ಒತ್ತುವ ಮೊದಲು ಫೈಲ್ ಯಾರದು ಅಂತ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಆಫೀಸ್ ಫೈಲ್‌ಗಳ ಮೂಲಕವೇ ಈ ಎಂಜಿನ್ ಮೇಲೆ ದಾಳಿ ನಡೆದಿತ್ತು, ಆಗ ಸಾಮಾನ್ಯವಾಗಿ ತಡೆಯುತ್ತಿದ್ದದ್ದು ಆ ಹಳದಿ ಪಟ್ಟಿ.

ಎಡ್ಜ್ ಕೂಡ ಬೇಡ, ಅದನ್ನೂ ಕಿತ್ತು ಹಾಕುತ್ತೇನೆ ಅನ್ನುವವರಿಗೆ ಒಂದು ಮಾತು. ಯೂರೋಪಿನಲ್ಲಿ ಕಾನೂನಿನ ಕಾರಣಕ್ಕೆ ಎಡ್ಜ್ ತೆಗೆಯುವ ಸೌಲಭ್ಯ ಕೊಟ್ಟಿದ್ದಾರೆ, ನಮ್ಮಲ್ಲಿ ಹಾಗೆ ನೇರವಾಗಿ ಆಗುವುದಿಲ್ಲ. ಎಲ್ಲೋ ಸಿಕ್ಕಿದ ಸ್ಕ್ರಿಪ್ಟ್ ಓಡಿಸಿ ಅದನ್ನು ಅಳಿಸಲು ಹೋಗಬೇಡಿ, ಬೇರೆ ಪ್ರೋಗ್ರಾಂಗಳು ಮುರಿಯಬಹುದು, ಆ ಸ್ಕ್ರಿಪ್ಟ್‌ನೊಳಗೆ ಏನಿದೆಯೋ ಗೊತ್ತಿರುವುದಿಲ್ಲ. 2020ರಿಂದ ಎಡ್ಜ್ ಓಡುವುದು ಕ್ರೋಮ್‌ನ ಹಾಗೇ ಕ್ರೋಮಿಯಂ ಅನ್ನುವ ತಳಹದಿಯ ಮೇಲೆ, ಅಪ್‌ಡೇಟ್ ಕೂಡ ಸರಿಯಾಗಿ ಬರುತ್ತದೆ. ಇಷ್ಟವಿಲ್ಲದಿದ್ದರೆ ಬೇರೆಯದನ್ನು ಡಿಫಾಲ್ಟ್ ಮಾಡಿಕೊಳ್ಳಿ, ಸಾಕು.

ಮಾವನ ಡಿವಿಆರ್ ಏನಾಯಿತು ಅಂತ ಕೇಳಬಹುದು. ಹೆಚ್ಚಿನ ರೆಕಾರ್ಡರ್‌ಗಳಿಗೆ ಅದರದೇ ಕಂಪ್ಯೂಟರ್ ಪ್ರೋಗ್ರಾಂ ಒಂದು ಇರುತ್ತದೆ, ಬ್ರೌಸರ್ ಬೇಕಾಗುವುದೇ ಇಲ್ಲ. ಪೆಟ್ಟಿಗೆಯ ತಳದಲ್ಲಿದ್ದ ಮಾಡೆಲ್ ನಂಬರ್ ಹಿಡಿದು ಹುಡುಕಿದೆ, ಸಿಕ್ಕಿತು, ಹಾಕಿದೆ. ನಾಲ್ಕೂ ಕ್ಯಾಮೆರಾ ಬಂದವು. ಸಿಗದಿದ್ದರೆ ಐಇ ಮೋಡ್ ಪಟ್ಟಿಯಲ್ಲಿ ಆ ಒಂದೇ ವಿಳಾಸ ಇಟ್ಟು, ಆ್ಯಕ್ಟಿವ್‌ಎಕ್ಸ್ ಸಡಿಲಿಕೆಯನ್ನು 'ಟ್ರಸ್ಟೆಡ್ ಸೈಟ್ಸ್'ನಲ್ಲಿ ಅದೊಂದಕ್ಕೆ ಮಾತ್ರ ಕೊಡುತ್ತಿದ್ದೆ. ಆಮೇಲೆ ಝೋನ್‌ಗಳನ್ನು ರೀಸೆಟ್ ಮಾಡಿ, ಐಇ ಟಿಕ್ ತೆಗೆದು, ರೀಸ್ಟಾರ್ಟ್ ಮಾಡಿದೆ. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಮಾವನ ಕೈಯಲ್ಲೇ, ಅವರ ಫೋನಿನಲ್ಲಿ ಬದಲಿಸಿದೆವು.

ತಕ್ಕಡಿ ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು, ತೂಕದ ಚೀಟಿ ಮುದ್ರಿಸಲು ಮಾತ್ರ. ಅದರಲ್ಲಿ ವಿಂಡೋಸ್ 7. ಅದಕ್ಕೆ ಪ್ಯಾಚ್ ಬರುವುದಿಲ್ಲ, ಐಇ ಪೂರ್ತಿ ಜೀವಂತವಾಗಿತ್ತು. ಅಲ್ಲೂ ಅದೇ ಟಿಕ್ ತೆಗೆದೆ. "ಇದಕ್ಕೆ ನೆಟ್ ಯಾಕೆ ಬೇಕು ಮಾವ?" ಅಂದೆ. ಅವರು ಒಂದು ಕ್ಷಣ ಯೋಚಿಸಿ, ಬಗ್ಗಿ ಹಿಂದಿನ ಕೇಬಲ್ ತಾವೇ ಕಿತ್ತರು.